ಹಳಿ ತುಂಡಿಗೆ ಗುಂಡು ಬೇಡ

ಬಸರೀಕಟ್ಟೆಯ ಕಾಫಿ ತೋಟದಲ್ಲಿ ಆಳುಗಳನ್ನು ಕೆಲಸಕ್ಕೆ ಕರೆಯಲು ಬಾರಿಸುತ್ತಿದ್ದ ರೈಲು ಹಳಿಯ ತುಂಡು ಗಿಡ್ಡಯ್ಯನ ಹಿತ್ತಲಲ್ಲಿ ತುಕ್ಕು ಹಿಡಿದು ಬಿದ್ದಿತ್ತು. ಈಗ ಮೇಸ್ತ್ರಿ ಫೋನ್ ಮಾಡಿಯೇ ಎಲ್ಲರನ್ನೂ ಕರೆಯುತ್ತಾನೆ. ವರ್ಷಗಟ್ಟಲೆ ಅದನ್ನು ಬಾರಿಸಿದ ಗಿಡ್ಡಯ್ಯನಿಗೆ, ಅದರ ಸದ್ದು ಊರಿಗೆ ಇನ್ನೊಮ್ಮೆ ಕೇಳಬೇಕೆಂಬ ಆಸೆ.

ಕೊಪ್ಪದ ಹತ್ತಿರ, ಪರವಾನಗಿ ಇರುವ ಶೂಟಿಂಗ್ ರೇಂಜಿನಲ್ಲಿ ಸಣ್ಣ ಗುಂಡಿನ ಪಾಯಿಂಟ್ ಟೂ ಟೂ ರೈಫಲ್ ಸ್ಪರ್ಧೆ ಎಂದು ಕೇಳಿದ್ದೇ ತಡ, ಗುರಿಗೆ ಇದೇ ಇರಲಿ ಎಂದು ಹಳಿಯನ್ನು ಜೀಪಿಗೆ ಹಾಕಿಸಿಕೊಂಡು ಹೊರಟ. ಕ್ಲಬ್ಬಿನ ಲಕ್ಷ್ಮೀಶ ಶನಿವಾರ ಸಂಜೆ ಅದನ್ನು ಮಣ್ಣಿನ ದಿಬ್ಬದ ಮುಂದೆ ತೂಗುಹಾಕಿ ಗುಂಡು ಹೊಡೆದ. ಠಣ್! ಬೆಂಚಿನ ಮೇಲೆ ಕೂತಿದ್ದ ಗಿಡ್ಡಯ್ಯನ ಮೈ ಜುಮ್ಮೆಂದಿತು. ಖುಷಿಯಲ್ಲಿ, ಬೆಂಚಿನ ಪಕ್ಕದ ಕಂಬಕ್ಕೆ ಸಿಕ್ಕಿಸಿದ್ದ ಅಡಿಕೆ ಹಾಳೆಯ ಟೋಪಿಯನ್ನೂ ಮರೆತು ಮನೆಗೆ ಬಂದ.

ಮರುದಿನ ಬೆಳಿಗ್ಗೆ ಸ್ಪರ್ಧೆಗೆ ಹೆಂಡತಿ ಹೊನ್ನಕ್ಕನನ್ನೂ ಕರೆದುಕೊಂಡು ಹೋದರೆ, ರೇಂಜಿನ ಉಸ್ತುವಾರಿ ನೋಡುವ ನಯನ ಹಳಿಯ ಮುಂದೆ ನಿಂತಿದ್ದಳು.

“ಇದನ್ನ ಬಿಚ್ಚಬೇಕು ಅಜ್ಜ.”

“ಎಂತಕೆ? ಕಾಗದಕ್ಕೆ ತೂತು ಬಿದ್ರೆ ಎಂತ ಮಜಾ? ತಾಗಿದ್ದು ಕೇಳ್ಬೇಕು!”

“ನಾನು ಮಜಾ ಬೇಡ ಅಂದ್ನಾ? ತಾಗಿದ ಗುಂಡು ಆಮೇಲೆ ಎಲ್ಲಿಗೆ ಹೋಗ್ತದೆ, ಹೇಳಿ.”

“ಇದರ ಮೇಲೆ ರೈಲೇ ಓಡಿದೆ ಮಾರಾಯ್ತಿ. ಆ ಕಡ್ಲೆಕಾಳಿನಷ್ಟು ಗುಂಡಿಗೆ ಎಂತ ಆಗ್ತದೆ?”

“ಹಳಿಗೆ ಎಂತದೂ ಆಗೋದಿಲ್ಲ. ಅದೇ ಕಷ್ಟ. ಅದು ಗುಂಡನ್ನ ನುಂಗೋದಿಲ್ಲ. ಉಬ್ಬುತಗ್ಗು ಬೇರೆ ಇದೆ, ಚೂರು ಯಾವ ಕಡೆಗೆ ಹಾರ್ತದೋ ಹೇಳೋಕಾಗಲ್ಲ. ನಮ್ಮ ರೇಂಜ್ ಉದ್ದವೂ ಕಮ್ಮಿ.”

ಅಷ್ಟರಲ್ಲಿ ಹೊನ್ನಕ್ಕ ಕಂಬದಿಂದ ಟೋಪಿ ತೆಗೆದಳು. “ಇದೆಂತ ತೂತು ಮಾರಾಯ್ರೆ, ಇಲಿ ಕಡಿದದ್ದಾ?”

ನಯನ ಟೋಪಿಯನ್ನು ತಿರುಗಿಸಿ ನೋಡಿದಳು. ಹಾಳೆಯ ಮಡಿಕೆಯೊಳಗೆ ಬೂದು ಬಣ್ಣದ, ಚಪ್ಪಟೆಯಾದ ಸೀಸದ ಚೂರು ಸಿಕ್ಕಿಕೊಂಡಿತ್ತು.

ಗಿಡ್ಡಯ್ಯ ಒಮ್ಮೆ ಕಂಬ ನೋಡಿದ, ಒಮ್ಮೆ ತಾನು ಕೂತಿದ್ದ ಬೆಂಚು ನೋಡಿದ. ಕೈ ತಾನಾಗಿ ಬೋಳುತಲೆಗೆ ಹೋಯಿತು.

“ಇವತ್ತು ಆ ಬೆಂಚಲ್ಲಿ ಕೂರೋದು ನಾನು ಅಲ್ದಾ?” ಎಂದಳು ಹೊನ್ನಕ್ಕ. “ಕಣ್ಣಿಗೇ ಬಡಿದಿದ್ರೆ?”

ಅಲ್ಲೇ ನಿಂತಿದ್ದ ಲಕ್ಷ್ಮೀಶ ತಲೆ ತಗ್ಗಿಸಿದ. ಗಿಡ್ಡಯ್ಯನೇ ಹೋಗಿ ಹಗ್ಗ ಬಿಚ್ಚಿದ. ಆಮೇಲೆ, “ಹಂಗಾದ್ರೆ ಎಂತಕ್ಕೆ ಹೊಡೆಯೋದು?” ಎಂದ.

“ಬಲೂನು ಕಟ್ಟುವ. ತಾಗಿದ್ರೆ ಒಡೀತದೆ. ಬಲಿತು ಹಾಳಾದ ಸೌತೆಕಾಯಿ ಇಡುವ, ಸಿಡೀತದೆ. ಗುಂಡು ಅದನ್ನ ದಾಟಿ ಮಣ್ಣಿನ ದಿಬ್ಬಕ್ಕೆ ಹೋಗಿ ನಿಲ್ತದೆ. ದಿಬ್ಬದಲ್ಲಿ ಕಲ್ಲು ಇರಬಾರದು ಅಷ್ಟೆ. ಆದ್ರೆ ಕನ್ನಡಕ ಎಲ್ಲರಿಗೂ ಬೇಕು, ನೋಡೋಕೆ ಬಂದೋರಿಗೂ.”

“ನನ್ನ ಹಳಿ ಮತ್ತೆ ಹಿತ್ತಲಿಗೇ ಅನ್ನು.”

“ಇಲ್ಲ ಅಜ್ಜ, ಇಲ್ಲೇ ಇರ್ಲಿ. ಗುರಿ ಬದಲಾಯಿಸೋಕೆ ಜನ ಮುಂದೆ ಹೋಗೋ ಮೊದಲು ಬಂದೂಕು ಖಾಲಿ ಮಾಡಿ ಕೆಳಗಿಡಬೇಕು. ನನ್ನ ಕೂಗು ಸಾಲಿನ ಕೊನೇ ತನಕ ಕೇಳೋದಿಲ್ಲ. ನೀವು ಬಾರಿಸಿ.”

ಅಂದು ಬಲೂನು ಒಡೆದವು, ಸೌತೆಕಾಯಿ ಸಿಡಿದವು. ಪ್ರತಿ ಸುತ್ತು ಮುಗಿದಾಗಲೂ ಶೂಟಿಂಗ್ ಸಾಲಿನ ಹಿಂದೆ ತೂಗುತ್ತಿದ್ದ ಹಳಿಗೆ ಗಿಡ್ಡಯ್ಯ ಸುತ್ತಿಗೆಯಿಂದ ಬಡಿದ. ಠಣ್! ಬಂದೂಕುಗಳೆಲ್ಲ ಕೆಳಗಿಳಿದವು. ದೊಡ್ಡ ಕನ್ನಡಕ ಹಾಕಿ ಕೂತಿದ್ದ ಹೊನ್ನಕ್ಕ, “ಮೇಸ್ತ್ರಿಗೆ ಫೋನ್ ಮಾಡಿ ಹೇಳಿ, ಅವನಿಗೂ ಕೇಳಿಸ್ಲಿ,” ಎಂದು ನಕ್ಕಳು.

ಓದುಗರೇ, ನಿಮ್ಮೂರ ರೇಂಜಿನಲ್ಲೂ ಸದ್ದಿನ ಆಸೆಗೆ ಹಳಿ, ಟಿಲ್ಲರ್ ಬಿಡಿಭಾಗ, ಕಲ್ಲು, ಬಾಟಲಿಗಳನ್ನು ಗುರಿಯಾಗಿ ಇಟ್ಟಿರಬಹುದು. ದಯವಿಟ್ಟು ಇವತ್ತೇ ತೆಗೆಸಿ. ಪರವಾನಗಿ ಇರುವ ಜಾಗದಲ್ಲಿ, ಉಸ್ತುವಾರಿಯವರು ಒಪ್ಪಿದ ಮೆತ್ತನೆಯ ಗುರಿಗೆ ಮಾತ್ರ ಹೊಡೆಯಿರಿ. ಸಣ್ಣ ಗುಂಡಲ್ಲವೇ ಎಂದು ಅನ್ನಿಸಿದರೆ, ಗಿಡ್ಡಯ್ಯನ ಟೋಪಿಯನ್ನು ನೆನಪಿಸಿಕೊಳ್ಳಿ. ಅದನ್ನು ಈಗ ರೇಂಜಿನ ಬಾಗಿಲಲ್ಲೇ ತೂಗುಹಾಕಿದ್ದಾರೆ.