ಕೊಟ್ಟಾರ ಎಂದು ಹೇಳಿದ ವಿಳಾಸ

ನಮ್ಮ ನೇರೊಳ್ತಡಿಯಲ್ಲಿ ಕಳೆದ ವರ್ಷ ಒಂದೇ ವಾರದಲ್ಲಿ ಮೂವರು ಜ್ವರದಿಂದ ತೀರಿಹೋದರು. ಜ್ವರ ಹೋಯಿತು, ಊರಿನ ಹೆಸರು ಮಾತ್ರ ಮಂಗಳೂರಿಡೀ ತಿರುಗತೊಡಗಿತು. ಕದ್ರಿಯ ನಮ್ಮ ಆಫೀಸಿನಲ್ಲಿ ಯಾರಾದರೂ ಸೀನಿದರೆ ಹಿತೇಶ್ ಕುರ್ಚಿ ಹಿಂದೆ ಸರಿಸುತ್ತಿದ್ದ: "ಎಂತ ಮಾರಾಯ, ನೇರೊಳ್ತಡಿಯಾ?" ಆಮೇಲೆ ಕೆಟ್ಟ ಪ್ರಿಂಟರು, ಹಳಸಿದ ಸಾಂಬಾರು, ಮುರಿದ ಮದುವೆ ಮಾತುಕತೆ, ಎಲ್ಲವೂ "ನೇರೊಳ್ತಡಿ ಆಯ್ತು".

"ನಿರೀಕ್ಷಾ, ನಿನ್ನ ಮನೆ ಎಲ್ಲಿ ಹೇಳಿದ್ದು?" ಎಂದು ಪಕ್ಕದ ಮೇಜಿನ ಏವ್ರಿಲ್ ಕೇಳಿದಾಗ ಬಾಯಿ ತಾನಾಗಿ ಹೇಳಿತು: "ಕೊಟ್ಟಾರ." ಎಂಟು ತಿಂಗಳು ಆಟೋದವರಿಗೂ ಅದನ್ನೇ ಹೇಳಿದೆ. ಅಲ್ಲಿ ಇಳಿದು ಮನೆಗೆ ನಡೆದೆ.

ಅಜ್ಜಿಗೆ ಗೊತ್ತಾಯಿತು. ಬೈಯಲಿಲ್ಲ, ಕಥೆ ಹೇಳಿದಳು. ಊರಿನ ಹೆಸರು ಮುಚ್ಚಿಟ್ಟವರ ಮನೆದಾರಿಯನ್ನು ನೇರಳೆ ಮರದ ಗುಳಿಗ ದೈವ ಚಾಪೆಯಂತೆ ಸುತ್ತಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಾನಂತೆ. "ಮತ್ತೆ ನೀನು ಕರೆದರೂ ಯಾರಿಗೂ ದಾರಿ ಸಿಗುದಿಲ್ಲ ಮಗಾ."

ಭಾನುವಾರ ಬೆಳಿಗ್ಗೆ ಬಂಗುಡೆ ಮೀನು ಕೊಯ್ಯುತ್ತಿದ್ದ ಅಜ್ಜಿ ಎದೆ ಹಿಡಿದುಕೊಂಡು ಮೆಟ್ಟುಕತ್ತಿಯ ಪಕ್ಕಕ್ಕೆ ವಾಲಿದಳು. ಮನೆಯಲ್ಲಿ ನಾವಿಬ್ಬರೇ. ಆಂಬುಲೆನ್ಸಿಗೆ ಫೋನು ಮಾಡಿ ಕಿರುಚಿದೆ: "ಬೇಗ ಬನ್ನಿ!" ಅವಳ ತುಟಿ ನೇರಳೆ ಹಣ್ಣು ತಿಂದವರಂತೆ ಕಪ್ಪಾಗುತ್ತಿತ್ತು. ಹತ್ತು ನಿಮಿಷ. ಹದಿನೈದು. ಫೋನು ಹೊಡೆದುಕೊಂಡಿತು.

"ಅಕ್ಕಾ, ಫ್ಲೈಓವರ್ ಹತ್ರ ನಿಂತಿದ್ದೇವೆ. ಕೊಟ್ಟಾರದಲ್ಲಿ ಎಲ್ಲಿ?"

ಅಭ್ಯಾಸದಲ್ಲಿ ಕೊಟ್ಟಾರ ಎಂದುಬಿಟ್ಟಿದ್ದೆ. ಈಗ ನಿಜ ಹೇಳಿದರೆ ಬರುತ್ತಾರಾ? ಮೊದಮೊದಲು ಊರಿನ ಹೆಸರು ಕೇಳಿ ತಿರುಗಿಹೋದ ಆಟೋಗಳೆಲ್ಲ ಕಣ್ಣ ಮುಂದೆ ಬಂದವು. ಅಜ್ಜಿಯ ಉಸಿರು ನಡುವೆ ನಿಂತು, ಮತ್ತೆ ಸುರುವಾಯಿತು.

"ಕೊಟ್ಟಾರ ಅಲ್ಲ ಅಣ್ಣಾ. ನೇರೊಳ್ತಡಿ."

"ನೇರೊಳ್ತಡಿಯಾ? ಜ್ವರ ಉಂಟಾ?"

"ಇಲ್ಲ, ಎದೆನೋವು. ನೇರೊಳ್ತಡಿಯೇ, ದೊಡ್ಡ ನೇರಳೆ ಮರದ ಎದುರು. ನಾನು ರಸ್ತೆಯಲ್ಲಿ ನಿಲ್ತೇನೆ."

"ಸುರುವಿಗೇ ಹೇಳ್ಳಿಕ್ಕೆ ಎಂತ ಆಗಿತ್ತು ಮಾರಾಯ್ತಿ? ಇಡೀ ಸುತ್ತು ಹಾಕ್ಬೇಕೀಗ!"

ಮರದ ಬುಡದಲ್ಲಿ ನಿಂತು, ನಮ್ಮ ಮನೆದಾರಿಯ ತಿರುವು ನಿಜವಾಗಿಯೂ ಅಲ್ಲೇ ಇದೆಯೇ ಎಂದು ಮತ್ತೆ ಮತ್ತೆ ನೋಡಿದೆ. ಊರಿನ ಹೆಸರನ್ನು ಎಷ್ಟು ಸಲ ಗಟ್ಟಿಯಾಗಿ ಕೂಗಿದೆನೋ ತಿಳಿಯದು. ಕೊನೆಗೆ ಸೈರನ್ ಕೇಳಿಸಿತು.

ಗಾಡಿಯೊಳಗೆ ನರ್ಸ್ ಕಾಗದ ತೆಗೆದರು. "ಪೇಷೆಂಟ್ ಹೆಸರು?"

"ಅಕ್ಕು."

"ಎಲ್ಲಿಯವರು?"

ಮಾಸ್ಕಿನ ಕೆಳಗೆ ಅಜ್ಜಿಯ ತುಟಿ ಅಲುಗಿತು. ಅವಳಿಗೆ ಅಷ್ಟು ಉಸಿರೂ ಖರ್ಚಾಗಬಾರದೆಂದು ನಾನೇ ಹೇಳಿದೆ. ನರ್ಸಿನ ಪೆನ್ನು ಅರೆಕ್ಷಣ ನಿಂತಿತು, ಆಮೇಲೆ ಬರೆಯಿತು. ಮೀನಿನ ವಾಸನೆಯ ಆ ತಣ್ಣನೆಯ ಕೈ ನನ್ನ ಬೆರಳನ್ನು ಹಿಡಿದೇ ಇತ್ತು.