ಪಶ್ಚಿಮಕ್ಕೆ ಹರಿದ ಒಂಬತ್ತು ವರ್ಷ

ಎಲ್ಲಿಂದ ಶುರು ಮಾಡಲಿ? ಇಲಿಯಿಂದ ಮಾಡೋಣ ಅಂದುಕೊಂಡೆ. (ಇಲಿ ಎಂದರೆ ನೀವು ನಗುತ್ತೀರಿ. ನಗುವ ಕಥೆಯಲ್ಲ ಇದು. ಆ ಸಾಲು ಹೊಡೆದುಹಾಕಿದೆ.)

೧. ನೆಲದಿಂದ ರೇಡಿಯೋ ಅಲೆ ಕಳಿಸಿದರೆ, ನೂರಾರು ಕಿಲೋಮೀಟರ್ ಮೇಲಿನ ಅಯಾನುಗೋಳ ಎಂಬ ವಿದ್ಯುತ್ ತುಂಬಿದ ಪದರ ಅದನ್ನು ವಾಪಸು ಕಳಿಸುತ್ತದೆ. ಅದರ ಏರಿಳಿತ ಬಯಲಿನ ಪೂರ್ವದ ಆಂಟೆನಾಕ್ಕೆ ಮೊದಲು ಮುಟ್ಟಿತೋ ಪಶ್ಚಿಮದ್ದಕ್ಕೋ ಎಂದು ನೋಡಿದರೆ, ಮೇಲಿನ ಆ ಪದರ ಯಾವ ಕಡೆ ಹರಿಯುತ್ತಿದೆ ಎಂದು ಗೊತ್ತಾಗುತ್ತದೆ. ಗಾಬರಿಯಾಗಬೇಡಿ, ಗಾಬರಿ ಮುಂದಿದೆ.

೨. ಇದನ್ನು ಅಳೆಯುವ ಬೇರೆ ಕೇಂದ್ರಗಳೆಲ್ಲ 'ಈ ಹೊತ್ತಿಗೆ ಪೂರ್ವಕ್ಕೆ' ಎನ್ನುವಾಗ, ನಮ್ಮ ಕೇಂದ್ರ ನಡೆಸುವ ಮೇಷ್ಟ್ರು ಒಬ್ಬರೇ 'ಇಲ್ಲಿ ಪಶ್ಚಿಮಕ್ಕೆ' ಎಂದು ಒಂಬತ್ತು ವರ್ಷದಿಂದ ಪಟ್ಟು ಹಿಡಿದಿದ್ದಾರೆ. ಇವತ್ತು ನಾಲ್ಕು ಗಂಟೆಗೆ, ಅದಕ್ಕೆ ನಕ್ಕ ವಿಜ್ಞಾನಿಗಳ ಮುಂದೆಯೇ ಅವರ ಭಾಷಣ.

೩. ಬೆಳಿಗ್ಗೆ ಹನ್ನೊಂದು. ಟೆಕ್ನಿಷಿಯನ್ ಹೆಂಗಸು (ಮೊದಲ ಕರಡಿನಲ್ಲಿ ಮೇಷ್ಟ್ರ ಸೊಸೆ ಮಾಡಿದ್ದೆ, ಅವಳು ಒಪ್ಪಲಿಲ್ಲ) ಇಲಿ ಕಡಿದ ಕೇಬಲ್ ಬದಲಿಸಲು ಬಯಲಿನಲ್ಲಿ ಪೂರ್ವದ ಆಂಟೆನಾದ ಕೇಬಲ್ ಬಿಚ್ಚಿದಳು. ಒಳಗೆ ಬಂದು ಪರದೆ ನೋಡಿದಳು. ಪೂರ್ವದ ಗೆರೆ ಕುಣಿಯುತ್ತಲೇ ಇತ್ತು. ಸತ್ತುಬಿದ್ದದ್ದು ಪಶ್ಚಿಮದ ಗೆರೆ.

ಮತ್ತೆ ಬಯಲಿಗೆ ಓಡಿ ನೋಡಿದಳು: ಬಿಚ್ಚಿದ್ದು ಪೂರ್ವದ್ದೇ.

೪. ರ‍್ಯಾಕಿನ ಹಿಂದೆ ಬಗ್ಗಿದಳು. ಕೆಂಪು ಟೇಪಿನ ಮೇಲೆ 'ಪೂರ್ವ', ನೀಲಿಯ ಮೇಲೆ 'ಪಶ್ಚಿಮ'. ದುಂಡು ಅಕ್ಷರ, ಅವಳದೇ. ಕೆಲಸಕ್ಕೆ ಸೇರಿದ ಮೊದಲ ವಾರ, ಯಾರೂ ಹೇಳದಿದ್ದರೂ, ಕೇಬಲ್ ಬಿಚ್ಚಿ ಧೂಳು ಒರೆಸಿ, ಅಂದವಾಗಿರಲಿ ಎಂದು ಟೇಪು ಸುತ್ತಿದ್ದಳು. ಮತ್ತೆ ಸಿಕ್ಕಿಸಿದ್ದು ಹಿಂಬದಿಯಿಂದ. ಹಿಂಬದಿಯಲ್ಲಿ ನಿಂತರೆ ಎಡದ್ದು ಬಲಕ್ಕಿರುತ್ತದೆ ಎನ್ನುವುದು ಹೊಳೆದಿರಲಿಲ್ಲ. ಸೇರಿ ಎಷ್ಟು ವರ್ಷವಾಯಿತೆಂದು ಬೆರಳು ಮಡಿಸಿ ಎಣಿಸಿದಳು: ಒಂಬತ್ತು.

೫. ಮುಕ್ತಾಯ ಒಂದು: ಸದ್ದಿಲ್ಲದೆ ಕೇಬಲ್‌ಗಳನ್ನು ಸರಿಪಡಿಸುತ್ತಾಳೆ. ನಾಳೆಯಿಂದ ಆಕಾಶವೇ ದಿಕ್ಕು ಬದಲಿಸಿತೆಂದು ಮೇಷ್ಟ್ರು ಇನ್ನೊಂದು ಪ್ರಬಂಧ ಬರೆಯುತ್ತಾರೆ.

"ಥೂ, ಏನ್ರೀ ನೀವು?" ಎಂದಳು, ಕಥೆ ಬರೆಯುತ್ತಿದ್ದ ನನಗೆ. "ಬೆಸುಗೆ ಹಾಕೋದರಿಂದ ಹಿಡಿದು ಎಲ್ಲಾ ಕಲಿಸಿದವರು ಅವರು."

"ಹಾಗಾದ್ರೆ ತಪ್ಪನ್ನ ಇಲಿ ಮೇಲೆ ಹಾಕು."

"ಇಲಿಗೆ ಅಕ್ಷರ ಬರುತ್ತಾ?"

ಮುಕ್ತಾಯ ಎರಡು ಬರೆಯುವಷ್ಟರಲ್ಲಿ ಮೇಷ್ಟ್ರೇ ಬಾಗಿಲಿಗೆ ಬಂದರು. ಇಸ್ತ್ರಿ ಅಂಗಿ, ಕೈಯಲ್ಲಿ ಭಾಷಣದ ಹಾಳೆ. ದಿನಾ ಕೇಳುವುದನ್ನೇ ಕೇಳಿದರು.

"ಇವತ್ತು ಯಾವ ಕಡೆ ಹರೀತಿದೆಯಮ್ಮ?"

(ಹೇಳಬೇಡ ಎಂದು ನಾನು ಸನ್ನೆ ಮಾಡಿದೆ.)

"ಪೂರ್ವಕ್ಕೆ, ಮೇಷ್ಟ್ರೇ. ಯಾವತ್ತೂ ಪೂರ್ವಕ್ಕೇ ಇತ್ತು. ಕೇಬಲ್ ಅದಲುಬದಲು ಮಾಡಿದ್ದು ನಾನು."

ಮೇಷ್ಟ್ರು ಹಾಳೆ ಮಡಿಸಿದರು. ಮತ್ತೆ ಬಿಡಿಸಿದರು.

"ಒಂದು ಪೆನ್ನು ಕೊಡಮ್ಮ."

ಅವಳು ಅತ್ತಿತ್ತ ಹುಡುಕಿ, ಕೊನೆಗೆ ನನ್ನ ಕೈಯಲ್ಲಿದ್ದದ್ದನ್ನೇ ಕಿತ್ತುಕೊಟ್ಟಳು. ಅವರು ಭಾಷಣ ತಿದ್ದಿದರೋ, ಅವಳ ಕೆಲಸ ತೆಗೆದರೋ, ನನ್ನನ್ನು ಕೇಳಬೇಡಿ. ನನ್ನ ಹತ್ತಿರ ಇದ್ದದ್ದು ಅದೊಂದೇ ಪೆನ್ನು.