ಬಲಮೂಲೆಯ ಚೌಕ

ಈ ಬೆಟ್ಟ ಎಲ್ಲಿಂದ ಬಂತು, ಪಾತ್ರೆ ತೊಳೆದ ಕೈ ಒರೆಸಿಕೊಳ್ಳುತ್ತ ಬಂದವಳು ಮೇಜಿನ ಮುಂದೆ ಹಾಗೇ ನಿಂತಳು, ಬೆಳಿಗ್ಗೆ ಕಂಪ್ಯೂಟರಿನ ಪರದೆ ಬೂದು ಬಣ್ಣಕ್ಕಿತ್ತು, ಬರೀ ಬೂದು, ಈಗ ನೋಡಿದರೆ ಹಿಮದ ಬೆಟ್ಟ, ಬೆಟ್ಟದ ಬುಡದಲ್ಲಿ ಕೆರೆ, ಕೆರೆಯ ಮೇಲೆ ಇಂಗ್ಲಿಷಿನಲ್ಲಿ ದೊಡ್ಡದಾಗಿ ವೆಲ್‌ಕಮ್, ಯಾರ ಮನೆಗೆ ಯಾರು ಸ್ವಾಗತ ಹೇಳುವುದು — ರೀ, ಇದಕ್ಕೇನ್ ಮಾಡಿದ್ರಿ — ಗಂಡ ಟೀ ಲೋಟದಿಂದ ತಲೆ ಎತ್ತಿದ, ಗಡಿಯಾರ ರಿಪೇರಿ ಅಂಗಡಿಯಿಂದ ಊಟಕ್ಕೆ ಬಂದವನ ಹಣೆಯ ಮೇಲೆ ಒಂಟಿಗಣ್ಣಿನ ಮಸೂರ ಇನ್ನೂ ಕೂತಿತ್ತು, ಹತ್ತು ದಿನದಿಂದ ಕೇಳ್ತಾನೇ ಇತ್ತು ಕಣೆ, ಅಪ್‌ಗ್ರೇಡ್ ಮಾಡ್ಲಾ ಮಾಡ್ಲಾ ಅಂತ, ಪಾಪ, ನೀನು ತಿರುಗಿ ನೋಡ್ಲೇ ಇಲ್ಲ, ನೀನೂ ಅಮ್ಮನೂ ಕಣ್ಣಿನ ಡಾಕ್ಟರ ಹತ್ರ ಹೋಗಿದ್ದಾಗ ಹೂಂ ಅಂದ್ಬಿಟ್ಟೆ. ಪಾಪವಂತೆ. ಪಾಪ ಅಂದರೆ ಯಾರಿಗೆ, ಯಂತ್ರಕ್ಕೆ. ನಿಂತ ಗಡಿಯಾರ ಕಂಡರೆ ಅದು ಯಾರ ಮನೆಯ ಗೋಡೆಯದಾದರೂ ಏಣಿ ಕೇಳುವ ಜನ್ಮ ಇದು, ಆಸ್ಪತ್ರೆಯಲ್ಲಿ ಅತ್ತೆಗೆ ಇಂಜೆಕ್ಷನ್ ಕೊಡುತ್ತಿದ್ದ ನರ್ಸಮ್ಮನನ್ನೇ ಸ್ಟೂಲು ಕೇಳಿದ್ದ, ನಿಮ್ಮ ಗಡಿಯಾರ ನಾಲ್ಕು ನಿಮಿಷ ಹಿಂದಿದೆ ಸಿಸ್ಟರ್ ಅಂತ, ಕರೆದದ್ದಕ್ಕೆ ಓಗೊಡದೆ ಇರುವುದು ಅವನಿಂದಾಗದ ಕೆಲಸ, ಅದು ಗೊತ್ತಿದ್ದೂ ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವಳು ಒಂದು ಮಾತು ಹೇಳಿಡಬೇಕಿತ್ತಲ್ಲ, ಪರೀಕ್ಷೆ ಮುಗಿಯುವ ತನಕ ಅದು ಅತ್ತು ಕರೆದರೂ ಹೂಂ ಅನ್ನಬೇಡಿ ಅಂತ ಅವಳ ಕಾಲೇಜಿನ ಮೇಷ್ಟ್ರು ತರಗತಿಯಲ್ಲಿ ಮೂರು ಸಲ ಹೇಳಿದ್ದರು, ಅವಳು ನಾಳೆ ನಾಳೆ ಎಂದು ಒತ್ತುತ್ತ ಬಂದದ್ದು ಸೋಮಾರಿತನಕ್ಕಲ್ಲ. ಈಗ ಒಂದೂವರೆ. ಐದಕ್ಕೆ ನಕ್ಷೆ ಕಳಿಸಬೇಕು. ನಕ್ಷೆಯ ಸಾಫ್ಟ್‌ವೇರನ್ನು ಒತ್ತಿದಳು, ಅದು ತೆರೆದ ಹಾಗೆ ಮಾಡಿ ಮುಚ್ಚಿಕೊಂಡಿತು, ಹೊಸ ವ್ಯವಸ್ಥೆಯಲ್ಲಿ ಈ ಹಳೆಯ ಆವೃತ್ತಿ ನಡೆಯುವುದಿಲ್ಲ, ಹೊಸದನ್ನು ಹಾಕಿಕೊಳ್ಳಿ, ವಿದ್ಯಾರ್ಥಿಗಳಿಗೆ ಉಚಿತ. ನೀವು ವಿದ್ಯಾರ್ಥಿಯೇ?

ನೀವು ವಿದ್ಯಾರ್ಥಿಯೇ, ಕೇಳುವುದನ್ನು ನೋಡು, ನಲವತ್ತೇಳು ವರ್ಷಕ್ಕೆ ಸಂಜೆ ಕಾಲೇಜಿನ ಕೊನೆಯ ಬೆಂಚಿನಲ್ಲಿ ಕೂತು ಮೂರು ವರ್ಷ ಸವೆಸಿದವಳನ್ನು, ಹುಟ್ಟಿದ ವರ್ಷ ಆರಿಸಿ ಅಂದರೆ ಬೆರಳು ಕೆಳಗೆ ಎಳೆದು ಎಳೆದು, ಮಕ್ಕಳು ಹುಟ್ಟಿದ ವರ್ಷ ಹೋಯಿತು, ಆಫೀಸಿಗೆ ಸೇರಿದ ವರ್ಷ ಹೋಯಿತು, ಮದುವೆಯ ವರ್ಷ ಹೋಯಿತು, ಇನ್ನೂ ಕೆಳಗೆ — ಆ ಆಫೀಸಿನಲ್ಲಿ ಇಪ್ಪತ್ತು ವರ್ಷ ಅವಳು ನಕ್ಷೆ ಬರೆದಿದ್ದಾಳೆ, ಮೊದಲು ಪೆನ್ನಿನಲ್ಲಿ, ಆಮೇಲೆ ಮೌಸಿನಲ್ಲಿ, ಶಾಲೆ, ಗೋದಾಮು, ಎರಡು ಬ್ಯಾಂಕು, ಪ್ರತಿ ಹಾಳೆಯ ಬಲಮೂಲೆಯಲ್ಲಿ ಒಂದು ಚೌಕ, ಚೌಕದೊಳಗೆ ಬರೆದವರು ಅಂತ ಒಂದು ಸಾಲು, ಆ ಸಾಲಿನಲ್ಲಿ ಆಫೀಸಿನ ಯಜಮಾನರ ಅಕ್ಕನ ಮಗನ ಎರಡು ಇಂಗ್ಲಿಷ್ ಅಕ್ಷರ, ಅವನಿಗೆ ಡಿಪ್ಲೊಮಾ ಇದೆ, ಗೆರೆ ಎಳೆಯಲು ಬಾರದು, ಆದರೆ ಡಿಪ್ಲೊಮಾ ಇದೆ. ಹೆಸರು ಹಾಕೋಕೆ ಸರ್ಟಿಫಿಕೇಟ್ ಬೇಕಮ್ಮಾ, ನಾನೇನ್ ಮಾಡ್ಲಿ, ರೂಲ್ಸು, ತಂದ್ಕೊಡಿ, ನಾಳೆಯಿಂದ್ಲೇ ನಿಮ್ಮ ಹೆಸ್ರು, ಅಂದಿದ್ದರು ಯಜಮಾನರು. ಆಯಿತು ತರುತ್ತೇನೆ ಎಂದು ಹೊರಟವಳು ಇವಳು. ಇವತ್ತು ತಪ್ಪಿದರೆ ಇನ್ನೊಂದು ವರ್ಷ, ಇನ್ನೊಂದು ವರ್ಷ ಆ ಎರಡು ಅಕ್ಷರಕ್ಕೆ ಗೆರೆ ಎಳೆದುಕೊಡಬೇಕು. ಕೊನೆಯ ಪರೀಕ್ಷೆಯ ನಕ್ಷೆ ಅವರ ಮನೆಯಿರುವ ಈ ಕಟ್ಟಡದ್ದೇ ಮೆಟ್ಟಿಲು, ಮೂರನೆಯ ಮಹಡಿಗೆ ಹತ್ತುವಾಗ ಅತ್ತೆ ಎರಡನೆಯ ತಿರುವಿನಲ್ಲಿ ಕೂತುಬಿಡುತ್ತಾರೆ, ಬರುವವರು ಹೋಗುವವರು ಅವರನ್ನು ದಾಟಿಕೊಂಡು ಹೋಗುತ್ತಾರೆ, ಅದಕ್ಕೆ ಅವಳು ತಿರುವಿನ ಗೋಡೆಯನ್ನು ಒಂದೂವರೆ ಅಡಿ ಒಳಗೆ ತಳ್ಳಿ ಒಂದು ಆಸನ ಇಟ್ಟಳು, ಮೇಷ್ಟ್ರು ಆ ಆಸನದ ಮೇಲೆ ಬೆರಳಿಟ್ಟು ತಲೆಯಾಡಿಸಿದರು, ಮೂರು ವರ್ಷದಲ್ಲಿ ಸಿಕ್ಕ ಶಹಭಾಸ್‌ಗಿರಿ ಅದೊಂದೇ. ಕೆಳಗೆ ಬಲಮೂಲೆಯ ಚೌಕದಲ್ಲಿ ಬರೆದವರು, ಮುಂದೆ ಅವಳ ಹೆಸರು, ತನ್ನ ಭಾಷೆಯಲ್ಲೇ, ಅಪ್ಪ ಸ್ಲೇಟಿನ ಮೇಲೆ ಕೈಹಿಡಿದು ತಿದ್ದಿಸಿದ ನಾಲ್ಕು ಅಕ್ಷರ, ಆ ಅಕ್ಷರಕ್ಕೆ ಸರಿಯಾದ ದುಂಡು ಸಿಗಲಿ ಅಂತ ಒಂದು ಭಾನುವಾರ ಪೂರ್ತಿ ಫಾಂಟು ಹುಡುಕಿದ್ದಳು, ಮಗಳು ನಕ್ಕಿದ್ದಳು, ಅಮ್ಮಾ, ಮನೆಗಿಂತ ನಾಮಫಲಕಕ್ಕೇ ಜಾಸ್ತಿ ಟೈಮ್ ಆಯ್ತು.

ಕಾಲೇಜಿನ ಇಮೇಲ್ ಕೊಡಿ ಅಂದಿತು, ಕೊಟ್ಟಳು, ತರಗತಿ ಮುಗಿದ ದಿನವೇ ಕಾಲೇಜಿನವರು ಆ ಪೆಟ್ಟಿಗೆ ಮುಚ್ಚಿದ್ದಾರೆ, ಹಾಗಾದರೆ ಗುರುತಿನ ಚೀಟಿಯ ಫೋಟೊ ಕೊಡಿ, ಕೊಟ್ಟಳು, ಚೀಟಿಯ ಅವಧಿ ಹೋದ ತಿಂಗಳು ಮುಗಿದಿದೆ, ಕ್ಷಮಿಸಿ ನೀವು ವಿದ್ಯಾರ್ಥಿ ಎಂದು ಖಚಿತವಾಗಲಿಲ್ಲ, ಪರೀಕ್ಷೆ ಈ ತಿಂಗಳಿದ್ದರೆ ಚೀಟಿ ಹೋದ ತಿಂಗಳೇ ಮುಗಿಯುವುದು ಯಾವ ಊರಿನ ನ್ಯಾಯ, ಕಾಲೇಜಿಗೆ ಫೋನು ಮಾಡಿದರೆ ಗುಮಾಸ್ತರು, ರಿಸಲ್ಟ್ ಬರೋ ತನಕ ನೀವು ನಮ್ಮ ವಿದ್ಯಾರ್ಥಿನೇ ಮೇಡಂ, ಯಾರು ಇಲ್ಲ ಅಂದೋರು — ದೇವರು ವರ ಕೊಟ್ಟರೂ ಪೂಜಾರಿ ಕೊಡುತ್ತಿಲ್ಲ ಸ್ವಾಮಿ — ನಿಮ್ಮ ಲ್ಯಾಬಿಗೇ ಬರಲೇ ಅಂದರೆ, ಅಯ್ಯೋ ಲ್ಯಾಬಿನವೂ ಇವತ್ತೇ ಅಪ್‌ಗ್ರೇಡ್ ಆಗ್ತಾ ಇವೆ, ಎಲ್ಲದರ ಮೇಲೂ ಒಂದೇ ಬೆಟ್ಟ. ಆಫೀಸಿನ ಕಂಪ್ಯೂಟರ್ ಇದೆ, ಆದರೆ ಆ ಹೆಸರೆತ್ತುವ ಹಾಗಿಲ್ಲ, ಹೋದ ವರ್ಷ ಒಮ್ಮೆ ಅಲ್ಲಿ ತನ್ನ ಫೈಲು ತೆರೆದು ಒಂದು ಕಿಟಕಿಯನ್ನು ಆಫೀಸಿನ ನಕ್ಷೆಗೆ ಅಂಟಿಸಿದ್ದಕ್ಕೆ ಬ್ಯಾಂಕಿನ ನಕ್ಷೆಯ ನಾಲ್ಕೂ ಅಂಚಿನಲ್ಲಿ ಕಲಿಕೆಗೆ ಮಾತ್ರ, ಕಲಿಕೆಗೆ ಮಾತ್ರ ಅಂತ ಅಚ್ಚಾಗಿ ಬಂದಿತ್ತು, ವಿದ್ಯಾರ್ಥಿಯ ಫೈಲು ಮುಟ್ಟಿದ್ದಕ್ಕೆಲ್ಲ ಹತ್ತುವ ಕಜ್ಜಿ ಅದು, ಬ್ಯಾಂಕಿನವರು ನಕ್ಕರು, ಯಜಮಾನರು ನಗಲಿಲ್ಲ, ಆ ರೋಗಾನ ಇನ್ಮೇಲೆ ಮನೇಲೇ ಇಟ್ಕೊಳ್ಳಿ ಅಂದರು. ಆಗ ಅಷ್ಟು ಬೇಗ ಇವಳು ವಿದ್ಯಾರ್ಥಿ ಎಂದು ಊರಿಗೆಲ್ಲ ಸಾರಿದ ಸಾಫ್ಟ್‌ವೇರಿಗೆ ಈಗ ಸಾಕ್ಷಿ ಬೇಕಂತೆ. ಗುಮಾಸ್ತರು ಕೊನೆಗೆ ಕಾಲೇಜಿನ ಹಾಳೆಯಲ್ಲಿ ಎರಡು ಸಾಲು ಬರೆದು, ಮೊಹರು ಹುಡುಕಿ, ಮೊಹರಿನ ಮಸಿ ಒಣಗಿ, ಅದಕ್ಕೆ ನೀರು ಚಿಮುಕಿಸಿ, ಫೋಟೊ ತೆಗೆದು ಕಳಿಸುವ ಹೊತ್ತಿಗೆ ಮೂರೂಕಾಲು, ಪರಿಶೀಲಿಸುತ್ತಿದ್ದೇವೆ, ಪರಿಶೀಲಿಸುತ್ತಿದ್ದೇವೆ, ಗಂಡ ಅಂಗಡಿಗೆ ಹೋಗದೆ ಬಾಗಿಲ ಬಳಿ ನಿಂತೇ ಇದ್ದಾನೆ, ನಾನೇನಾದ್ರೂ — ನೀವು ಏನೂ ಮಾಡಬೇಡಿ, ದಯವಿಟ್ಟು, ಏನೂ — ಹೇಳಿದ ಮೇಲೆ ತಿರುಗಿ ಅವನ ಮುಖ ನೋಡಿದಳು, ಅಕ್ಕಿಕಾಳಿನಷ್ಟು ಸ್ಕ್ರೂ ಕಳೆದರೆ ಇಡೀ ಅಂಗಡಿ ಗುಡಿಸುವ ಮನುಷ್ಯ, ಅವಳದೇನಾದರೂ ಕಳೆಯಲಿ ಎಂದು ಹೂಂ ಅಂದವನಲ್ಲ, ಆದರೂ ಸಿಟ್ಟು ಇಳಿಯಲೊಲ್ಲದು, ಯಾರ ಮೇಲೆ ಇಳಿಸುವುದು, ಬೆಟ್ಟದ ಮೇಲೆ ಇಳಿಸಲಾಗುವುದಿಲ್ಲ. ನಾಲ್ಕು ಇಪ್ಪತ್ತಕ್ಕೆ ಅಭಿನಂದನೆಗಳು, ನೀವು ವಿದ್ಯಾರ್ಥಿ. ಅಬ್ಬಾ, ದೊಡ್ಡ ಮನಸ್ಸು ನಿಮ್ಮದು.

ಇಳಿಯುತ್ತಿದೆ, ಶೇಕಡ ಮೂವತ್ತು, ಶೇಕಡ ಮೂವತ್ತೊಂದು, ಮೂವತ್ತೊಂದರಲ್ಲೇ ಅತ್ತೆ ಮೆಟ್ಟಿಲಿನಂತೆ ಕೂತಿತು — ಅಲ್ಲ, ಅತ್ತೆ ಮೆಟ್ಟಿಲಿನಲ್ಲಿ ಕೂತ ಹಾಗೆ, ತಲೆ ಕೆಟ್ಟಿದೆ — ಅರವತ್ತು, ತೊಂಬತ್ತು, ನಾಲ್ಕು ಐವತ್ತಕ್ಕೆ ತೆರೆಯಿತು, ನಕ್ಷೆ ಬಂತು, ಗೆರೆ ಬಂತು, ನಲವತ್ತೆಂಟು ಮೆಟ್ಟಿಲು, ಕೈಹಿಡಿಯುವ ಕಂಬಿ, ತಿರುವು, ಗೋಡೆಯೊಳಗೆ ತಳ್ಳಿದ ಆಸನ ತನ್ನ ಜಾಗದಲ್ಲಿ ತಣ್ಣಗಿದೆ, ಕಣ್ಣಲ್ಲಿ ನೀರು ಬಂತು, ಬರಲಿ, ಸಾಲು ಸಾಲಾಗಿ ನೋಡುತ್ತ ಕೆಳಗೆ ಬಂದಳು, ಬಲಕ್ಕೆ, ಮೂಲೆಗೆ, ಬರೆದವರು ಎಂಬುದಕ್ಕೆ ಕಾಲೇಜಿನವರು ಹಾಕಿಕೊಟ್ಟ ಇಂಗ್ಲಿಷ್ ಹಾಗೇ ಇದೆ, ಅದರ ಮುಂದೆ ಇದೇನು, ಪುಟ್ಟ ಪುಟ್ಟ ಖಾಲಿ ಚೌಕ, ಒಂದು ಎರಡು ಮೂರು ನಾಲ್ಕು. ಒಂದು ಭಾನುವಾರ ಹುಡುಕಿದ ಅಕ್ಷರ ಹೊಸ ವ್ಯವಸ್ಥೆಗೆ ಬೇಕಾಗಿಲ್ಲ, ಬರುವಾಗ ಗುಡಿಸಿ ಹಾಕಿದೆ. ಅಳಿಸಿದಳು, ಮತ್ತೆ ಒತ್ತಿದಳು, ಮೊದಲ ಅಕ್ಷರಕ್ಕೆ ಒಂದು ಚೌಕ, ಎರಡನೆಯದಕ್ಕೆ ಒಂದು ಚೌಕ, ನಾಲ್ಕು ಐವತ್ತಾರು, ಇಂಗ್ಲಿಷಿನಲ್ಲಿ ಹಾಕಿಬಿಡಲೇ, ಎರಡು ಅಕ್ಷರ ಸಾಕು, ಅಕ್ಕನ ಮಗನ ಹಾಗೆ, ಬೆರಳು ಹೋಯಿತು, ಹೋದದ್ದು ಹಾಗೇ ನಿಂತಿತು, ಇಪ್ಪತ್ತು ವರ್ಷ ಅವನ ಎರಡು ಅಕ್ಷರ ಒತ್ತಿದ ಬೆರಳೇ ಅದು, ದಾರಿ ಅದಕ್ಕೆ ಚೆನ್ನಾಗಿ ಗೊತ್ತು, ಬೇಡ. ಬೆನ್ನ ಹಿಂದೆ ಉಸಿರು, ಗಂಡ ಮಸೂರವನ್ನು ಕಣ್ಣಿಗೆ ಇಳಿಸಿಕೊಂಡು ಪರದೆಗೆ ಮೂಗು ತಾಗುವಷ್ಟು ಬಗ್ಗಿದ್ದಾನೆ, ಎಣಿಸಿದೆ ಕಣೆ, ನಿಧಾನವಾಗಿ ಹೇಳಿದ, ನಾಲ್ಕಿದೆ, ನಾಲ್ಕೂ ಇದೆ, ಯಾವುದೂ ಬಿದ್ದುಹೋಗಿಲ್ಲ. ನಾಲ್ಕು ಐವತ್ತೆಂಟು. ಕಳಿಸು ಒತ್ತಿದಳು. ಹೋಯಿತು. ಅರ್ಧ ನಿಮಿಷಕ್ಕೆ ಕಾಲೇಜಿನ ರಸೀದಿ ಬಂತು, ನಿಮ್ಮ ನಕ್ಷೆ ವೇಳೆಗೆ ಸರಿಯಾಗಿ ತಲುಪಿದೆ, ಥ್ಯಾಂಕ್ಯೂ, ಥ್ಯಾಂಕ್ಯೂ ಆದ ಮೇಲೆ ನಕ್ಷೆಯ ಬಲಮೂಲೆ ನೋಡಿ ಅವರು ಕರೆದದ್ದು, ಒಂದು ಚೌಕ, ಪಕ್ಕದಲ್ಲಿ ಒಂದು ಚೌಕ, ಮತ್ತೊಂದು, ಮತ್ತೊಂದು, ನಾಲ್ಕೂ ಖಾಲಿ.